ವೀಣಳ ಎರಡನೇ ಪರದೆ

ಭಾರತೀನಗರದ ರಸ್ತೆಯ ಆಲೆಮನೆಯೊಂದರಲ್ಲಿ ಕಬ್ಬು ತೂಗುವ ವೀಣ ಕೊಕ್ಕರೆ ಬೆಳ್ಳೂರಿನವಳು. ಅವಳು ಕೆಲಸಕ್ಕೆ ಸೇರಿದಾಗ ಗಾಡಿಸಮೇತ ತೂಗುವ ವೇಬ್ರಿಡ್ಜಿನ ತೂಕ ಕಾಣುತ್ತಿದ್ದದ್ದು ಅವಳೊಬ್ಬಳಿಗೆ. ತೂಕದಲ್ಲಿ ಮೋಸವೆಂದು ಬೈಗುಳ ಬೀಳುತ್ತಿದ್ದದ್ದೂ ಅವಳೊಬ್ಬಳಿಗೇ. ರೋಸಿಹೋಗಿ ಮನೆಯಲ್ಲಿದ್ದ ಹಳೇ ಮಾನಿಟರ್ ತಂದು, ರೈತರಿಗೆ ಕಾಣುವಂತೆ ಕಿಟಕಿಯ ಸರಳಿಗೆ ಬಿಗಿಸಿದಳು. ಬೈಗುಳ ನಿಂತಿತು. ಧಣಿ ತೂಕದ ಕಂಪ್ಯೂಟರ್ ನಡೆಸಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಸಿದ್ದರು. ಅತ್ತೆಯೊಡನೆ ಬಾಳಲು ಕಲಿತಷ್ಟೇ ತಾಳ್ಮೆಯಿಂದ ಅವಳು ಅದರೊಡನೆಯೂ ಬಾಳಲು ಕಲಿತಿದ್ದಳು.

ಮೊನ್ನೆ ಸಾಲಿನಲ್ಲಿ ನನ್ನ ಟ್ರ್ಯಾಕ್ಟರ್ ಮೂರನೆಯದು. ಮೊದಲನೆಯದು ಸಿದ್ದರಾಜುವಿನದು. ಹೊರಗಿನ ಪರದೆ ಕಪ್ಪಗಿತ್ತು.

"ಏನಮ್ಮಾ, ನಮ್ ಕಣ್ಣು ಕಟ್ಟಿ ತೂಗೀಯಾ?" ಎಂದ ಸಿದ್ದರಾಜು.

"ಒಸಿ ತಡ್ಕಳಿ ಅಣ್ಣಾ. ಅಪ್‌ಡೇಟ್ ಆಗಿ ಆ ಪರದೆ ಓಗ್ಬುಟ್ಟದೆ."

"ಕಾಣ್ದಿರೋ ತೂಕ ನಂಗ್ ಬ್ಯಾಡ. ಕಬ್ಬು ಬಿಸ್ಲಲ್ಲಿ ಒಣಗ್ತಾ ಅದೆ. ಮದ್ದೂರಿನ ಆಲೆಮನೆಗೇ ಓಯ್ತೀನಿ."

ಕಂಪ್ಯೂಟರಿನಲ್ಲಿ ಲೇಖನ ಟೈಪಿಸುವವನೆಂಬ ಹಕ್ಕಿನಿಂದ ನಾನು ಒಳಗೆ ನುಗ್ಗಿ ಕೇಬಲ್ ಅಲ್ಲಾಡಿಸಿದೆ. ನನ್ನ ತಾಂತ್ರಿಕ ವಿದ್ಯೆ ಅಲ್ಲಿಗೆ ಮುಗಿಯಿತು.

"ಗ್ರಾಫಿಕ್ಸ್ ಕಾರ್ಡ್ ಹಳೇದು ಸಾರ್. ಅದನ್ನ ನಡ್ಸೋ ಕಂಪನಿ ಡ್ರೈವರ್ ಸಾಫ್ಟ್‌ವೇರ್ ಇದನ್ನ ಕೈಬುಟ್ಟದೆ," ಎಂದಳು ವೀಣ. "ಅದನ್ನ ಕಿತ್ತಾಕಿ ಪುಕ್ಕಟೆ ಸಿಗೋ ಓಪನ್ ಸೋರ್ಸ್ ಡ್ರೈವರ್ ಆಕ್ಬೋದು. ಕೆಟ್ರೆ ಇರೋ ಒಂದು ಪರದೆನೂ ಓಯ್ತದೆ."

ಧಣಿಗೆ ಫೋನ್ ಮಾಡಿದಳು. "ಒಂದು ಪರದೆ ಸಾಕು, ತೂಗು. ಏನಾದ್ರೂ ಕೆಡಿಸಿದ್ರೆ ನಾಳೆಯಿಂದ ಬರ್ಬೇಡ," ಎಂದರು.

ಹೊರಗೆ ಸಿದ್ದರಾಜು ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಿದ. ವೀಣ ಒಮ್ಮೆ ಕಿಟಕಿ ನೋಡಿದಳು, ಒಮ್ಮೆ ಫೋನು. ಆಮೇಲೆ ಡ್ರೈವರ್ ಬದಲಿಸಲು ಟೈಪಿಸತೊಡಗಿದಳು. ರೀಸ್ಟಾರ್ಟ್. ಎರಡೂ ಪರದೆ ಕತ್ತಲು. ನಾನು ಮನೆದೇವರನ್ನು ನೆನೆದೆ. ಲಿನಕ್ಸ್ ವಿಷಯದಲ್ಲಿ ಅವನೂ ನನ್ನಷ್ಟೇ ತಿಳಿದವನಿರಬಹುದೆಂದು ಭಯವಾಯಿತು.

"ಬಂತು, ಬಂತು!" ಹೊರಗೆ ಗದ್ದಲ. ಅವರ ಪರದೆ ಹತ್ತಿತ್ತು. ವೀಣಳದು ಹತ್ತಲಿಲ್ಲ.

"ಕೇಬಲ್ ಅದಲು ಬದಲು ಮಾಡಮ್ಮ," ಎಂದೆ.

"ಆಗ ನಂಗೆ ಕಾಣ್ತದೆ, ಅವ್ರಿಗೆ ಕಾಣಕಿಲ್ಲ. ಎರಡನ್ನೂ ಸರಿ ಮಾಡ್ತಾ ಕುಂತ್ರೆ ಕಬ್ಬು ಸೌದೆ ಆಯ್ತದೆ ಸಾರ್."

ಅವಳು ಕಿಟಕಿಗೆ ಬಾಯಿಟ್ಟು ಕೂಗಿದಳು: "ಸಿದ್ದರಾಜಣ್ಣಾ, ನಂಗೇನೂ ಕಾಣ್ತಿಲ್ಲ. ಅಂಕಿ ನಿಂತಾಗ ನೀವೇ ಯೋಳಿ. ನಾನು ತೂಕ ಬರ್ಕಳೋ ಕೀ ಅಮುಕ್ತೀನಿ."

ಸಾಲಿನವರೆಲ್ಲ ಸಿದ್ದರಾಜುವಿನತ್ತ ತಿರುಗಿದರು. ಗಾಡಿ ವೇಬ್ರಿಡ್ಜ್ ಹತ್ತಿದಾಗ ಅಂಕಿ ಮೇಲೆ ಕೆಳಗೆ ಕುಣಿಯುತ್ತದೆ. ಮೇಲೇರಿದಾಗ 'ಅಮುಕು' ಎಂದರೆ ಇಲ್ಲದ ಕಬ್ಬಿಗೂ ತೂಕ ಬರುತ್ತದೆ. ಆಮೇಲೆ ಕೆಲಸ ಕಳೆದುಕೊಳ್ಳುವವಳು ವೀಣ. ಇದು ಅಲ್ಲಿದ್ದವರಿಗೆಲ್ಲ ಗೊತ್ತು.

ಸಿದ್ದರಾಜು ಗಾಡಿಯನ್ನು ಹತ್ತಿಸಿ, ಇಳಿದು ಬಂದು ಪರದೆಯ ಮುಂದೆ ನಿಂತ. ಜೀವಮಾನದಲ್ಲೇ ಮೊದಲ ಬಾರಿಗೆ ಅನುಮಾನಪಡಲು ಅವನಿಗೆ ಯಾರೂ ಇರಲಿಲ್ಲ.

"ತಡಿ ಕಣಮ್ಮ... ಇನ್ನೂ ಕುಣೀತದೆ... ತಡಿ." ತಟ್ಟನೆ ತಿರುಗಿದ. ಕಬ್ಬಿನ ಮೇಲೆ ಅವನ ಭಾವಮೈದ ಮಹದೇವು ಆರಾಮಾಗಿ ಕುಳಿತಿದ್ದ.

"ಇಳೀಲಾ! ನಿನ್ನೂ ಸೇರ್ಸಿ ತೂಗ್ತಾ ಅದೆ."

"ದಿನಾ ಕುಂತ್ಕತೀನಲ್ಲ ಭಾವ, ಇವತ್ತೇನು?"

"ಇವತ್ತು ಯೋಳೋನು ನಾನು ಕಣ್ಲಾ. ಇಳಿ!"

ಮಹದೇವು ಗೊಣಗುತ್ತ ಧುಮುಕಿದ. ಅಂಕಿ ಇಳಿಯಿತು, ನಿಂತಿತು.

"ಊಂ, ಈಗ ಅಮುಕವ್ವ."

ವೀಣ ಅಮುಕಿದಳು. ಎರಡನೇ ಗಾಡಿಯ ಮೇಲಿದ್ದವರು ಯಾರೂ ಹೇಳದೆಯೇ ಇಳಿಯತೊಡಗಿದರು. ನನ್ನ ಗಾಡಿಯ ಮೇಲೂ ಇಬ್ಬರಿದ್ದರು. ನಾನು ಯಾರಿಗೂ ಕಾಣದಂತೆ ಹೊರಬಂದು ಅವರಿಗೆ ಇಳಿಯಲು ಸನ್ನೆ ಮಾಡಿದೆ.