ಹುಲಗೇಶನನ್ನು ವಿಚಾರಿಸಲು ಬಂದವನು

ಬಿ.ಎ. ಮುಗಿಸಿದ ಹುಲಗೇಶನಿಗೆ ಸರಕಾರ ಕೊಡುತ್ತಿದ್ದ ನಿರುದ್ಯೋಗ ಭತ್ಯೆ ಇನ್ನೇನು ಮುಗಿಯುವುದರಲ್ಲಿತ್ತು. ಅಷ್ಟರೊಳಗೆ ಅಂಗವಿಕಲರ ಮಾಸಾಶನ ಆಗಬೇಕು, ಇಲ್ಲದಿದ್ದರೆ ಅವನೂ ಅವ್ವ ಶಾರವ್ವನೂ ತಿನ್ನುವುದೇನು, ಮಣ್ಣು? ಹೋದ ಸುಗ್ಗಿಯಲ್ಲಿ ಕೂಲಿಯಿಲ್ಲದ ಮುಯ್ಯಾಳಾಗಿ ಪಕ್ಕದವರ ಗೋವಿನಜೋಳ ಹೇರಲು ಹೋಗಿ ಟ್ರೇಲರಿನ ಮೇಲಿಂದ ಬಿದ್ದಿದ್ದ. ಬೆನ್ನುಮೂಳೆ ಮುರಿದಿತ್ತು. ಕೂತಾಗ ನೋಡಿದರೆ ಗಟ್ಟಿಮುಟ್ಟಾದ ಆಳು. ಎದ್ದರೆ ಎಡಗಾಲು ಎಳೆಯುತ್ತದೆ, ಒಂದು ಕೊಡ ನೀರು ಎತ್ತಲಾರ.

ಡಾಕ್ಟರು ಸರ್ಟಿಫಿಕೇಟು ಕೊಟ್ಟರು. ಆದರೆ ಅರ್ಜಿ ತನಿಖೆ ಮಾಡಬೇಕಾದ ಗ್ರಾಮಲೆಕ್ಕಿಗ, ಹೊಸದಾಗಿ ಬಂದ ತಲಾಠಿಗೆ ಅದರ ಮೇಲೆ ನಂಬಿಕೆಯಿಲ್ಲ. ಸುಳ್ಳು ಕುಂಟರನ್ನು ಬಹಳ ಕಂಡವನಂತೆ, ಮಹಾಶಯ! ತಾನು ಯಾರೆಂದು ಹೇಳದೆ ಊರಲ್ಲೇ ವಿಚಾರಿಸಿಬಿಡುತ್ತೇನೆಂದು ಬೈಕ್ ಹತ್ತಿ ಬಂದ. ಹುಲಗೇಶ ಅವತ್ತು ಔಷಧಕ್ಕೆಂದು ಶಿಗ್ಗಾವಿಗೆ ಹೋಗಿದ್ದ.

ದುಂಡಸಿ ಕಡೆಯ ಆ ಹಳ್ಳಿಯಲ್ಲಿ ಗುರುತಿಲ್ಲದವನೊಬ್ಬ ಬಂದು ಮದುವೆಯಾಗದ ಹುಡುಗನ ಬಗ್ಗೆ ಕೇಳಿದನೆಂದರೆ ಅರ್ಥ ಒಂದೇ: ಹೆಣ್ಣಿನ ಕಡೆಯವನು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂದಿದ್ದಾರಲ್ಲ, ಚಹಾದಂಗಡಿಯ ಮೈಲಾರಿ ಶುರುಹಚ್ಚಿಕೊಂಡ.

“ಹುಲಗೇಶನ? ಬಂಗಾರದಂಥ ಹುಡುಗರಿ! ಚೀಲ ಹೊರಾಕ ನಿಂತ್ರ ಇಬ್ಬರ ಕೆಲಸ ಒಬ್ಬನ ಮಾಡ್ತಾನ.”

“ಬಿದ್ದಿದ್ದನಂತಲ್ಲ?”

“ಯಾವನೋ ಆಗದಾಂವ ಹೇಳ್ಯಾನ ಬಿಡ್ರಿ. ಕುದರಿ ಹಂಗ ಅದಾನ.”

ಶಾರವ್ವ ಬಂದವನನ್ನು ಚಾಪೆ ಹಾಸಿ ಕೂರಿಸಿ ಅವಲಕ್ಕಿ ಕೊಟ್ಟಳು. “ನನ್ನ ಮಗ ದಿನಾ ದುಡ್ಯಾಕ ಹೊಕ್ಕಾನ್ರಿ. ಕುಂತು ಉಣ್ಣೋ ಪೈಕಿ ಅಲ್ಲ,” ಎಂದಳು. ಮಗನಿಗೂ ಒಂದು ಸಂಸಾರವಾಗುತ್ತದೆ ಎಂಬ ಹಿಗ್ಗಿನಲ್ಲಿ ಅವಳಿಗದು ಸುಳ್ಳೆಂದೂ ಅನ್ನಿಸಲಿಲ್ಲ, ಪಾಪ.

ಮಾಸಾಶನದ ಅರ್ಜಿ ತಿರಸ್ಕಾರವಾಯಿತು. ದಿನಾ ದುಡಿಯುವವನು ನಿರುದ್ಯೋಗಿ ಹೇಗಾದಾನು? ಭತ್ಯೆಯೂ ನಿಂತಿತು.

ಹುಲಗೇಶ ಕಾಲೆಳೆದುಕೊಂಡು ಕಚೇರಿಗೆ ಹೋದ. “ಹೆಣ್ಣಿನ ಕಡ್ಯಾವ್ರು ಅಂತ ತಿಳದು ಹಂಗ ಹೇಳ್ಯಾರ್ರಿ ಸಾಹೇಬ್ರ,” ಎಂದು ಕೈಮುಗಿದ.

ತಲಾಠಿ ನಕ್ಕ. “ಚಲೋ ಕಥಿ ಕಟ್ಟಿ. ಹೆತ್ತಾಕಿನ ಹೇಳ್ಯಾಳಲ್ಲೋ! ಸುಳ್ಳಂದ್ರ ಪಂಚರ ಮುಂದ ಆಕಿ ಬಾಯಿಂದನ ಹೇಳಸು.”

ಮನೆಗೆ ಬಂದ ಹುಲಗೇಶ ಅವ್ವನ ಮೇಲೆ ಹರಿಹಾಯ್ದ. “ಸೊಸಿ ಬೇಕಾಗಿತ್ತಲ್ಲ ನಿನಗ? ಈಗ ನನ್ನ ಮಗ ಹೆಣ ಅದಾನ ಅಂತ ಎಲ್ಲಾರ ಮುಂದ ಹೇಳು!”

ಪಂಚರು ಬಂದರು, ತಲಾಠಿಯೂ ಬೈಕಿನಲ್ಲಿ ಬಂದ, ಓಣಿಯ ಹೆಂಗಸರೂ ನೆರೆದರು. ಶಾರವ್ವ ಬಾಯಿಗೆ ಒತ್ತಿಕೊಂಡಿದ್ದ ಸೆರಗು ತೆಗೆದಳು. “ನನ್ನ ಮಗ ಯಾತಕ್ಕೂ ಬರೂದಿಲ್ರಿ. ಮೈಮ್ಯಾಲೆ ನೀರು ಸುದ್ದಾ ನಾನ ಹಾಕಬೇಕು. ಇಂವಗ ಹೆಣ್ಣು ಕೊಟ್ರ ಆ ಹುಡುಗಿ ಬಾಳೇವು ಹಾಳಾಕ್ಕೈತಿ.” ಹುಲಗೇಶ ನೆಲ ನೋಡುತ್ತ ನಿಂತಿದ್ದ. ತಾನೇ ಹೇಳಿಸಿದ ಮಾತು, ಆದರೂ ಸತ್ತರೆ ಸಾಕೆನಿಸಿತು.

ತಲಾಠಿ ಒಂದಕ್ಷರವನ್ನೂ ಬರೆದುಕೊಳ್ಳಲಿಲ್ಲ. “ಅವತ್ತು ದುಡಿತಾನ ಅಂದಿ. ಇವತ್ತು ರೊಕ್ಕದ ಆಸೇಕ ಹೆತ್ತ ಮಗನ್ನ ಹಿಂಗ ಆಡ್ತಿ. ನೀ ತಾಯಿ ಏನಬೇ?” ಎಂದು ಬೈಕ್ ಚಾಲೂ ಮಾಡಿದ.

ಶಾರವ್ವ ಬೈಕಿನ ಹಿಂದೆ ಓಡಿದಳು, ಎಡವಿ ಮುಗ್ಗರಿಸಿ ಬಿದ್ದಳು. ಎತ್ತಲು ಹೋದ ಹುಲಗೇಶನಿಗೆ ಬಗ್ಗಲಾಗಲಿಲ್ಲ. ಬೆನ್ನು ಹಿಡಿದುಕೊಂಡು ಅವಳ ಪಕ್ಕದಲ್ಲೇ ಕುಸಿದ.

“ನೋಡ್ರಿ, ಸಾಹೇಬ್ರ! ಈಗರ ಹೊಳ್ಳಿ ನೋಡ್ರಿ!” ಬಿದ್ದಲ್ಲಿಂದಲೇ ಶಾರವ್ವ ಚೀರಿದಳು. ಬೈಕು ಆಗಲೇ ಓಣಿ ದಾಟಿತ್ತು.