ಶಮೀಮಕ್ಕನ ಕೌದಿ, ಯಾರದೋ ಟೋಕನ್

"ಈ ಕೌದಿ ಕಾಪಿ ಐತ್ರಿ ಮೇಡಂ. ಒರಿಜಿನಲ್ ಬ್ಯಾರೆಯವರ ಹೆಸರ್ಲೆ ಐತಿ."

ಕಳೆದ ವಾರ ಬೆಳಗಾವಿಯ ಕರಕುಶಲ ಪ್ರದರ್ಶನದಲ್ಲಿ ಸಂಘಟಕನೊಬ್ಬ ಹೀಗೆಂದಾಗ ನನಗೆ ಪಿತ್ತ ನೆತ್ತಿಗೇರಿತು. ಕಾಪಿಯಂತೆ! ಖಾನಾಪುರದಲ್ಲಿ ನನ್ನ ತವರಿನ ಪಕ್ಕದ ಮನೆಯ ಶಮೀಮಕ್ಕ ಇಡೀ ಮಳೆಗಾಲ ಕೂತು ಹಳೆ ಬಟ್ಟೆಯ ತುಂಡು ಜೋಡಿಸಿ ಹೊಲಿದ ಕೌದಿ ಅದು. ನಡುವಿನ ಕೆಂಪು ತುಂಡು ನನ್ನದೇ ಹಳೆಯ ಚೂಡಿದಾರ. (ಸಾಕ್ಷಿ ಬೇಕೇ? ಅದನ್ನು ಹಾಕಿಕೊಂಡ ಫೋಟೊ ಇದೆ.)

ಜೀವಮಾನದಲ್ಲಿ ಮೊದಲ ಸಲ ತನ್ನ ಹೆಸರಿನ ಬೋರ್ಡಿನ ಕೆಳಗೆ ತನ್ನ ಕೌದಿ ತೂಗುತ್ತದೆಂದು ಶಮೀಮಕ್ಕ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ನನ್ನ ಜತೆ ಬಂದಿದ್ದಳು.

ಸಂಘಟಕ ಮೊಬೈಲ್ ತೋರಿಸಿದ. ಅದೇ ಕೌದಿ. ಅದನ್ನು ಒಣಹಾಕಿದ್ದು ಶಮೀಮಕ್ಕನದೇ ಕಂಪೌಂಡ್ ಗೋಡೆಯ ಮೇಲೆ. ಕೆಳಗೆ ಯಾರದೋ ಹೆಸರು, ಪಕ್ಕದಲ್ಲಿ ಎನ್‌ಎಫ್‌ಟಿ ಎಂಬ ಮೂರಕ್ಷರ.

"ಅಯ್ಯ, ಹಲಸಿ ಗುಡಿ ನೋಡಾಕ ಹೊಂಟಿದ್ನಲ್ಲ ಒಬ್ಬಾಂವ, ಅಂವಾ! ಭಾಳ ಛಲೋ ಐತಿ ಅಂತ ಫೋಟೊ ಹೊಡ್ಕೊಂಡ. ಚಾ ಬ್ಯಾರೆ ಕುಡಿಸಿ ಕಳಿಸೀನಿ" ಎಂದಳು ಶಮೀಮಕ್ಕ.

ಏನಿದು ಎನ್‌ಎಫ್‌ಟಿ? ಉದ್ದ ಹೆಸರು ಬಿಡಿ, ಕೊನೆಯ 'ಟಿ' ಎಂದರೆ ಟೋಕನ್. ಹತ್ತು ಹನ್ನೆರಡು ವರ್ಷದ ಹಿಂದೆ ಅಮೆರಿಕದಲ್ಲಿ ಒಬ್ಬ ಕಲಾವಿದ, ಒಬ್ಬ ಟೆಕ್ಕಿ ಕೂಡಿ ಯೋಚಿಸಿದರು. ನೆಟ್ಟಿನಲ್ಲಿ ಚಿತ್ರಗಳನ್ನು ಸಿಕ್ಕಸಿಕ್ಕವರು ಎತ್ತುತ್ತಾರೆ, ಬರೆದವರ ಹೆಸರೇ ಉಳಿಯುವುದಿಲ್ಲ. ಇದು ಇಂಥವರದು ಎಂದು ಯಾರೂ ತಿದ್ದಲಾಗದಂತೆ ಕಂಪ್ಯೂಟರುಗಳಲ್ಲಿ ದಾಖಲಿಸಿಬಿಡೋಣ. ಒಳ್ಳೆಯ ಯೋಚನೆ ತಾನೇ?

ಆಮೇಲೆ ಟೋಕನ್ ಅಂಟಿಸಿಕೊಂಡ ಕಾರ್ಟೂನ್ ಬೆಕ್ಕುಗಳು ಮಾರಾಟಕ್ಕೆ ಬಂದವು. ಬೆಕ್ಕುಗಳ ಹಿಂದೆ ಮಂಗಗಳು. ಕೊರೊನಾ ಕಾಲದಲ್ಲಿ ಮನೆಯಲ್ಲೇ ಕೂತ ದುಡ್ಡಿನವರಿಗೆ ಹುಚ್ಚು ಹಿಡಿದು, ಚಿತ್ರಗಳ ಟೋಕನ್ನುಗಳು ಕೋಟಿಗಟ್ಟಲೆಗೆ ಹರಾಜಾದವು. ಮುಂದೆ ಬೆಲೆ ಬಿದ್ದೂ ಹೋಯಿತು. ಬೀಳಲಿ! ನನ್ನ ಸಿಟ್ಟು ಅದಕ್ಕಲ್ಲ. ಟೋಕನ್ ಮಾಡಿಸುವವನನ್ನು 'ಇದನ್ನು ನೀನೇ ಮಾಡಿದ್ದೇನಪ್ಪಾ' ಎಂದು ಕೇಳುವವರೇ ಇಲ್ಲವಲ್ಲ! ಮಾಡಿದವರ ಹೆಸರು ಉಳಿಸಲು ಹುಟ್ಟಿದ್ದು ಕದ್ದವನ ಹೆಸರನ್ನು ಭದ್ರವಾಗಿ ಕಾಯುತ್ತಿದೆ.

ಕೌದಿಯ ಹೊಟ್ಟೆ ಖಾಲಿ ಇರಬಾರದೆಂದು ಮೂಲೆಯೊಳಗೆ ಒಂದು ಚಿಟಿಕೆ ಅಕ್ಕಿಯಿಟ್ಟು ಹೊಲಿಯುವುದು ಶಮೀಮಕ್ಕನ ಮನೆಯ ರೂಢಿ. ಸಂಘಟಕನ ಕೈ ಹಿಡಿದೆಳೆದು ಆ ಮೂಲೆಯ ಮೇಲೆ ಒತ್ತಿದೆ.

"ಅಕ್ಕಿ ಹತ್ತಿತಿಲ್ರಿ ಕೈಗೆ? ನಿಮ್ಮ ಮೊಬೈಲ್‌ನ್ಯಾಗ ಐತೇನು?"

"ಟೋಕನ್ ಅವರದು ಐತ್ರಿ ಮೇಡಂ. ನಾವೇನ್ ಮಾಡಾಕ ಬರತೈತಿ?"

ಟೋಕನ್ ಎಂದದ್ದೇ ತಡ, ಶಮೀಮಕ್ಕನ ಮುಖ ಅರಳಿತು. ದವಾಖಾನೆಯಲ್ಲಿ, ರೇಷನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ ಅವಳು ಕಂಡ ಟೋಕನ್ ಒಂದೇ, ಪಾಳಿಯದು, ಸಾಲಿನಲ್ಲಿ ಸರದಿ ಬಂದಾಗ ಕರೆಯುವುದು.

"ಹಂಗೇನ್ರಿ? ಅವರ ಟೋಕನ್ ಮೊದಲ ಐತಿ? ಆಗ್ಲಿ ಬಿಡ್ರಿ. ಅವರದು ಆದ ಮ್ಯಾಲೆ ನನ್ನ ಕರೀರಿ."

ಕೌದಿ ಮಡಚಿ ತೊಡೆಯ ಮೇಲಿಟ್ಟುಕೊಂಡು ಬಾಗಿಲ ಬಾಜು ಕುರ್ಚಿಯಲ್ಲಿ ಕೂತೇಬಿಟ್ಟಳು. ನಾನು ಒಳಗೆ ಸಿಕ್ಕವರ ಜತೆಗೆಲ್ಲ ಜಗಳವಾಡಿ ಗಂಟಲು ಹರಿದುಕೊಂಡೆ. ಯಾರೂ ಜಗ್ಗಲಿಲ್ಲ. ಸಂಜೆ ಖಾನಾಪುರದ ಬಸ್ಸಿನ ಹೊತ್ತಾಯಿತು, ಏಳು ಎಂದರೆ ಏಳಲೊಲ್ಲಳು.

"ಎದ್ದು ಹೋದ್ರ ಪಾಳಿ ತಪ್ಪತೈತಿ. ಸುಮ್ಮ ಕುಂದರ್ ನೀ."

ಟೋಕನ್ ಕಂಡುಹಿಡಿದ ಜಾಣರೇ, ಆ ಸಾಲಿನಲ್ಲಿ ಅವಳಿಗೆ ಪಾಳಿಯೇ ಇಲ್ಲವೆಂದು ನೀವೇ ಬಂದು ಹೇಳುತ್ತೀರಾ?