ಆರಾಮದ ಐದು ಚೌಕಗಳು

ಐದನೆಯ ಚೌಕದಲ್ಲಿ ಪೆನ್ಸಿಲಿನ ಒಂದು ಸರಿ ಗುರುತು. ಅದರ ಬಾಲ ಮಾತ್ರ ಗೆರೆ ದಾಟಿ ಹೊರಗೆ ಬಂದಿದೆ. ಡೊಂಬಿವಲಿಯ ಮನೆ ಬದಲಿಸಲು ಟ್ರಂಕು ಖಾಲಿ ಮಾಡುವಾಗ ತಳದಲ್ಲಿ ಸಿಕ್ಕ ಹಾಳೆ. ಗುರುತು ನನ್ನದಲ್ಲ ಎನ್ನಬಹುದಿತ್ತು. ಆದರೆ ಪಕ್ಕದ ಅಕ್ಷರ ಅಷ್ಟು ದುಂಡಗೆ ಬರೆಯುವವರು ನಮ್ಮ ಆಫೀಸಿನಲ್ಲಿ ಬೇರೆ ಯಾರೂ ಇರಲಿಲ್ಲ.

ನಾನು ಎಂ.ಎ. ಮುಗಿಸಿದ ವರ್ಷ ಡೊಂಬಿವಲಿ ಪಕ್ಕದ ಕಲ್ಯಾಣದಲ್ಲಿ ಖಾಡಿಯ ಹಿನ್ನೀರು ಉಕ್ಕಿ ದಂಡೆಯ ಗುಡಿಸಲು ಬಸ್ತಿಗಳಿಗೆ ನುಗ್ಗಿತ್ತು. ನೆರೆಯಿಂದ ಯಾರು ಎಷ್ಟು ಕುಗ್ಗಿದ್ದಾರೆಂದು ಒಂದರಿಂದ ಐದರವರೆಗೆ ಅಳೆಯುವ ತಾತ್ಕಾಲಿಕ ಕೆಲಸ ನೆರೆ ಪರಿಹಾರದ ಸರ್ಕಾರಿ ಆಫೀಸಿನಲ್ಲಿ ನನಗೆ ಸಿಕ್ಕಿತು; ಒಂದೆಂದರೆ ತೀರಾ ಕುಗ್ಗಿದವರು, ಐದೆಂದರೆ ಪೂರ್ತಿ ಚೆನ್ನಾಗಿರುವವರು. ಅಂಕಿ ಕಡಿಮೆ ಬಂದ ಬಸ್ತಿಗೆ ಸೂರಿಗೆ ತಗಡಿನ ಪತ್ರಾ, ಡಾಕ್ಟರು ಮೊದಲು. ರಾಯಚೂರು ಕಡೆಯ ಹಮಾಲರ ಬಸ್ತಿ ನನ್ನ ಪಾಲಿಗೆ ಬಂತು. ಪ್ರಶ್ನೆಯನ್ನು ಕನ್ನಡಕ್ಕೆ ತಂದವಳೂ ನಾನೇ: "ನೀವು ಎಷ್ಟು ಆರಾಮ ಇದ್ದೀರಿ?" ಯೋಗಕ್ಷೇಮ ಎಂಬ ಪುಸ್ತಕದ ಪದ ಬಿಟ್ಟು ಜನರ ಮಾತು ಹಿಡಿದೆನೆಂದು ಎರಡು ದಿನ ಬೀಗಿದ್ದೆ. ಧಾರವಾಡದ ನಮ್ಮಜ್ಜಿ ಜ್ವರದಲ್ಲಿ ನಡುಗುತ್ತಲೂ ಬಂದವರಿಗೆಲ್ಲ ಆರಾಮ ಅನ್ನುತ್ತಿದ್ದುದು ಆಗ ನೆನಪಾಗಲಿಲ್ಲ ನೋಡಿ.

ಶರಣವ್ವನ ಗುಡಿಸಲಿಗೆ ಒಂದು ಗೋಡೆಯೇ ಇರಲಿಲ್ಲ. ನೀರು ಬಂದಂದಿನಿಂದ ಅವಳ ಮಗಳು ಮಾತು ಬಿಟ್ಟಿದ್ದಳು.

"ಆರಾಮ ಅದೀವ್ರಿ ಅಕ್ಕಾರ. ನೀವು?" ಎಂದು ಕೇಳಿ ಶರಣವ್ವ ನನಗೆ ಚಹಾ ಕೊಟ್ಟಳು. ನಾನು ಇದೇ ಹಾಳೆಯಲ್ಲಿ ಐದಕ್ಕೆ ಗುರುತು ಹಾಕಿದೆ. ಹುಡುಗಿಯ ವಿಷಯ ಬರೆಯಲು ನಮೂನೆಯಲ್ಲಿ ಜಾಗವಿರಲಿಲ್ಲ.

ಎಲ್ಲ ಗುಡಿಸಲುಗಳೂ ಹೀಗೇ ಆರಾಮ. ನಿಮ್ಮ ಕಾನಡಿ ಜನ ಭಾರೀ ಗಟ್ಟಿ ಎಂದು ಆಫೀಸಿನ ಸಾಹೇಬರು ಮರಾಠಿಯಲ್ಲಿ ಮೆಚ್ಚಿದರು. ಅದು ಉತ್ತರವಲ್ಲ, ಬಂದವರಿಗೆ ಕೊಡುವ ಮರ್ಯಾದೆ ಎಂದು ವಿವರಿಸಿದೆ. ಪಟ್ಟಿ ಟೈಪಾಗಿದೆ, ನಾಳೆ ನಿಮ್ಮ ಸಹಿಯಾದರೆ ಥಾಣೆಯ ಜಿಲ್ಲಾ ಕಚೇರಿಗೆ ಹೋಗುತ್ತದೆ, ಸಹಿ ಬೇಡವಾದರೆ ಕೆಲಸ ಖಾಯಂ ಆಗುವ ಮಾತೂ ಬೇಡ ಎಂದರು.

ಸಂಜೆ ಹೋಗಿ ಶರಣವ್ವನಿಗೆ ಎಲ್ಲ ಹೇಳಿದೆ. ಅವಳು ಸಿಟ್ಟು ಮಾಡಲಿಲ್ಲ.

"ಮನೀಗೆ ಬಂದವರ ಮುಂದ ಅಳಕೋತ ಕುಂದ್ರಾಕ ಬರ್ತದೇನ್ರಿ? ನೀವೂ ನಮ್ಮ ಕಡ್ಯಾವ್ರು, ತಿಳೀತದ ಅಂದ್ಕೊಂಡಿದ್ದೆ." ಆಮೇಲೆ ಮಗಳ ತಲೆ ಮುಟ್ಟಿ, "ಇಕಿ ಸಲುವಾಗಿ ನಾಳೆ ಖರೇ ಬರೀರಿ," ಎಂದಳು.

ಬರೀತೀನಿ ಎಂದೆ.

ಈ ಹಾಳೆಯನ್ನು ಹರಿದು ಹಾಕಲು ಕೂತವಳು ಇಷ್ಟನ್ನು ಬರೆದಿದ್ದೇನೆ. ಉಳಿದದ್ದೂ ಬರೆಯಬೇಕು. ಮರುದಿನ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಆಫೀಸಿಗೆ ಹೋದೆ. ಟೈಪಾದ ಪಟ್ಟಿಯಲ್ಲಿ ಬಸ್ತಿಯ ಹೆಸರು ತಪ್ಪಿತ್ತು. ಆ ಒಂದು ಅಕ್ಷರ ಮಾತ್ರ ತಿದ್ದಿ, ಕೆಳಗೆ ಸಹಿ ಹಾಕಿದೆ.